ಮಗು ಮಲಗಿದರೂ ನನಗೆ ನಿದ್ದೆ ಬರಲಿಲ್ಲ: ಎರಡನೇ ಬಾಣಂತನಕ್ಕೆ ಮೊದಲು ನಿಮ್ಮ ಹತ್ತಿರ ಮಾತಾಡಬೇಕು

ಶಿವಮೊಗ್ಗದ ತುಂಬು ಬಸುರಿ (ರಾತ್ರಿ 2:40)

ಎಲ್ಲರಿಗೂ ನಮಸ್ಕಾರ. ನನಗೀಗ 33ನೇ ವಾರ, ಎರಡನೇ ಮಗು. ಮೊದಲನೆಯವಳಿಗೆ ನಾಲ್ಕು ವರ್ಷ. ಅವಳೂ ಮಲಗಿದ್ದಾಳೆ, ಇವರೂ ಮಲಗಿದ್ದಾರೆ. ನಾನೊಬ್ಬಳೇ ಎದ್ದು ಅಡುಗೆಮನೆ ಲೈಟು ಹಾಕಿಕೊಂಡು ಕೂತಿದ್ದೇನೆ.

ಹತ್ತು ಗಂಟೆಗೆಲ್ಲ ಕಣ್ಣು ಎಳೆಯುತ್ತದೆ. ಮಲಗಿ ಐದು ನಿಮಿಷ ಆಗಿರುವುದಿಲ್ಲ, ಮೀನಖಂಡದ ಒಳಗೆ ಇರುವೆ ಹರಿದಾಡಿದ ಹಾಗೆ ಶುರುವಾಗುತ್ತದೆ. ನೋವು ಅಂತಲ್ಲ. ಆದರೆ ಕಾಲು ಆಡಿಸದೇ ಇರಲು ಆಗುವುದೇ ಇಲ್ಲ. ಎದ್ದು ನಡುಮನೆಯಲ್ಲಿ ನಾಲ್ಕು ಸುತ್ತು ನಡೆದರೆ ಹೋಗುತ್ತದೆ, ಮಲಗಿದರೆ ಮತ್ತೆ ಬರುತ್ತದೆ. ಮಧ್ಯೆ ಬಾತ್‌ರೂಮಿಗೆ ನಾಲ್ಕು ಸಲ. ಎದೆಯುರಿ ಬೇರೆ. ಬೆಳಿಗ್ಗೆ ಎದ್ದು ದೊಡ್ಡವಳ ಡಬ್ಬಿ ಕಟ್ಟಬೇಕು.

ಇದನ್ನೆಲ್ಲ ಹೇಗೋ ತಡೆದುಕೊಳ್ಳುತ್ತೇನೆ. ನನಗೆ ಭಯ ಇರುವುದು ಹೆರಿಗೆ ಆದ ಮೇಲಿನ ದಿನಗಳದ್ದು. ಹೋದ ಸಲ ಬಾಣಂತನ ತವರಿನಲ್ಲಿ ಆಯಿತು. ಅಮ್ಮ, ಅಜ್ಜಿ ಇಬ್ಬರೂ ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಬಾಣಂತಿ ಹಗಲು ಮಲಗಿದರೆ ಮೈ ಊದಿಕೊಳ್ಳುತ್ತದೆ, ನಂಜಾಗುತ್ತದೆ ಅಂತ ಅಜ್ಜಿ ಮಲಗಲು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ 'ಏಳೇ, ಏಳೇ' ಅಂತ ಭುಜ ತಟ್ಟುತ್ತಿದ್ದರು. ರಾತ್ರಿ ಮಗು ಎರಡು ಗಂಟೆಗೊಮ್ಮೆ ಏಳುತ್ತಿತ್ತು.

ಒಂಬತ್ತನೇ ದಿನ ರಾತ್ರಿ ಮಗು ಮೂರು ತಾಸು ಚೆನ್ನಾಗಿ ಮಲಗಿತು. ಅಮ್ಮ ಪಕ್ಕದಲ್ಲಿ ಹಾಕಿಕೊಂಡು 'ನಾನು ನೋಡ್ಕೋತೀನಿ, ನೀನು ಮಲಗು' ಅಂದರು. ನನಗೆ ನಿದ್ದೆ ಬರಲಿಲ್ಲ. ಅಷ್ಟು ಸುಸ್ತಾಗಿದ್ದರೂ ಬರಲಿಲ್ಲ. ಬಾಣಂತಿ ಕೋಣೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಾ, ಮಗುವಿನ ಎದೆ ಏರಿಳಿಯುತ್ತಿದೆಯಾ ಅಂತ ಬಗ್ಗಿ ಬಗ್ಗಿ ನೋಡುತ್ತಾ ಬೆಳಗಾಯಿತು. ಮಾರನೇ ದಿನವೂ ಅಷ್ಟೇ. ಆಮೇಲೆ ಅಳು ಶುರುವಾಯಿತು. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ತೊಟ್ಟಿಲು ಶಾಸ್ತ್ರದ ಫೋಟೋಗಳಲ್ಲಿ ನಗುತ್ತಿದ್ದೇನೆ. ಆ ದಿನ ಮನೆಗೆ ಯಾರು ಬಂದಿದ್ದರು ಅನ್ನುವುದು ಒಂದೂ ನೆನಪಿಲ್ಲ.

ಈ ಸಲ ಮೊದಲೇ ಏನಾದರೂ ಮಾಡಿಕೊಳ್ಳಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಧಾರವಾಡದ ಅಕ್ಕ

ತಂಗಿ, ಮೊದಲು ಕಾಲಿಂದು ಹೇಳುತ್ತೇನೆ. ಅದು ನನಗೂ ಏಳನೇ ತಿಂಗಳಿಂದ ಇತ್ತು. ವಾತ ಅಂದರು, ಎಣ್ಣೆ ಹಚ್ಚಿದರು, ಹಳೇ ಸೀರೆಯಿಂದ ಬಿಗಿದು ಕಟ್ಟಿದರು. ಡಾಕ್ಟರಿಗೆ ಹೇಳುವುದಕ್ಕೆ ನನಗೇ ನಾಚಿಕೆ, 'ಕಾಲಾಗ ಇರುವಿ ಹರದಾಡ್ತಾವ' ಅಂತ ಹೆಂಗ ಹೇಳೋದು ಅಂತ. ಹೇಳಿದ ಮೇಲೆ ಅವರು ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಅನ್ನುವ ರಕ್ತಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 11ರ ಮೇಲೆ ಇತ್ತು, ಫೆರಿಟಿನ್ ಮಾತ್ರ ತಳ ಹಿಡಿದಿತ್ತು. ಅಂದರೆ ರಕ್ತದಲ್ಲಿ ಸಾಕಷ್ಟು ಕಂಡರೂ ಮೈಯೊಳಗೆ ಕೂಡಿಟ್ಟ ಕಬ್ಬಿಣ ಖಾಲಿಯಾಗಿರುತ್ತದೆ. ಕಾಲು ಹೀಗೆ ಆಡುವುದಕ್ಕೆ ಅದೊಂದು ದೊಡ್ಡ ಕಾರಣ.

ಕಬ್ಬಿಣದ ಮಾತ್ರೆ ನಾನು ಮೊದಲಿಂದಲೂ ತಗೊಳ್ಳುತ್ತಿದ್ದೆ, ಆದರೆ ಚಹಾದ ಜೊತೆ! ಚಹಾ, ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂತ ಆವಾಗ ಗೊತ್ತಾಯಿತು. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ನುಂಗಬಾರದು. ನಡುವೆ ಎರಡು ತಾಸು ಬಿಡಬೇಕು. ನಾನು ನಿಂಬೆಹಣ್ಣಿನ ಪಾನಕದ ಜೊತೆ ಶುರು ಮಾಡಿದೆ. ಕೆಲವು ವಾರದಲ್ಲಿ ಕಾಲು ಸುಮ್ಮನಾದವು. ನಿಮಗೂ ಅದೇ ಅಂತ ನಾನು ಹೇಳಲಾರೆ, ಆದರೆ ಪರೀಕ್ಷೆ ಮಾಡಿಸಿ.

ಹೆರಿಗೆ ವಾರ್ಡಿನ ನರ್ಸ್

18 ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಧಾರವಾಡದ ಅಕ್ಕ ಹೇಳಿದ್ದು ಸರಿ. ಅದರ ಜೊತೆ ಒಂದು ಮಾತು. ಶೀತ, ಕೆರೆತಕ್ಕೆ ಮೆಡಿಕಲ್ ಶಾಪಿನಲ್ಲಿ ಕೊಡುವ ಮಂಪರು ಬರಿಸುವ ಮಾತ್ರೆಗಳಿಂದ ಕಾಲಿನ ತೊಂದರೆ ಜಾಸ್ತಿಯಾಗುತ್ತದೆ. ನಿದ್ದೆ ಬರಲಿ ಅಂತ ಅವನ್ನು ನೀವೇ ತಗೊಳ್ಳಬೇಡಿ.

ಬಸುರಿಯ ನಿದ್ದೆ ಕೆಡುವುದಕ್ಕೆ ಕಾರಣ ಒಂದೆರಡಲ್ಲ. ಮೊದಲ ಮೂರು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಏರಿ ಹಗಲೆಲ್ಲ ತೂಕಡಿಕೆ, ರಾತ್ರಿ ಮಾತ್ರ ತುಂಡು ತುಂಡು ನಿದ್ದೆ. ಕೊನೆಯ ಮೂರು ತಿಂಗಳು ಹೊಟ್ಟೆ ಒತ್ತುತ್ತದೆ, ಹುಳಿತೇಗು ಮೇಲೆ ಬರುತ್ತದೆ. ರಾತ್ರಿ ಊಟ ಏಳೂವರೆಗೆಲ್ಲ ಮುಗಿಸಿ, ಸ್ವಲ್ಪವೇ ಉಣ್ಣಿ. ತಲೆದಿಂಬು ಎರಡು ಹಾಕಿ. ನೀರು ಕಡಿಮೆ ಕುಡಿಯಬೇಡಿ, ಹಗಲೇ ಜಾಸ್ತಿ ಕುಡಿದು ಮಲಗುವ ಮುಂಚಿನ ಎರಡು ಗಂಟೆ ಕಡಿಮೆ ಮಾಡಿ.

28ನೇ ವಾರದಿಂದ ಮಗ್ಗುಲಾಗಿ ಮಲಗಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಬೆನ್ನಿನ ಹತ್ತಿರದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ಎಡಗಡೆಯೇ ಆಗಬೇಕು ಅಂತ ಎಷ್ಟೋ ಜನ ಒಂದೇ ಮಗ್ಗುಲಿಗೆ ಮಲಗಿ ಸೊಂಟ ನೋಯಿಸಿಕೊಂಡು ಬರುತ್ತಾರೆ. ಬಲಗಡೆಯಾದರೂ ಆಗುತ್ತದೆ. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದೀರಾ? ಗಾಬರಿ ಬೇಡ. ಮಗ್ಗುಲು ಬದಲಿಸಿ ಮಲಗಿ, ಅಷ್ಟೇ. ಮಂಡಿಗಳ ಮಧ್ಯೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಟವೆಲ್ ಇಟ್ಟುಕೊಂಡರೆ ಹಾಯಾಗಿರುತ್ತದೆ.

ಎರಡು ವಿಷಯಕ್ಕೆ ಮಾತ್ರ ತಡ ಮಾಡಬೇಡಿ. ಮೈಮೇಲೆ ಗುಳ್ಳೆ ಏನೂ ಇಲ್ಲದೆ ಅಂಗೈ, ಅಂಗಾಲು ವಿಪರೀತ ಕೆರೆತ, ಅದೂ ರಾತ್ರಿ ಜಾಸ್ತಿ ಅಂದರೆ ಲಿವರಿನ ತೊಂದರೆ ಇರಬಹುದು. ರಕ್ತಪರೀಕ್ಷೆ ಬೇಕು. ಇನ್ನೊಂದು, ಹೊಸದಾಗಿ ಜೋರು ಗೊರಕೆ, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು ಇದ್ದರೆ ಅದೇ ದಿನ ಬಿಪಿ ನೋಡಿಸಿ.

ಮಂಡ್ಯದ ಅಜ್ಜಿ (ಮೊಮ್ಮಗಳ ಮೊಬೈಲಿನಿಂದ)

ಮಗಳೇ, ನಿಮ್ಮಜ್ಜಿ ಹಗಲು ಮಲಗಬೇಡ ಅಂದದ್ದು ಕೆಟ್ಟದ್ದಕ್ಕಲ್ಲ. ನನಗೂ ಹಾಗೇ ಹೇಳಿದ್ದರು. ಆದರೆ ಪೂರ್ತಿ ಕೇಳು. ನಾನು ಬಾಣಂತಿಯಾಗಿದ್ದಾಗ ಬೆಳಿಗ್ಗೆ ಎಣ್ಣೆ ಹಚ್ಚಿ, ಹಂಡೆ ತುಂಬ ಸುಡುಸುಡು ನೀರು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಬೆವರು ಕಿತ್ತು ಬರಬೇಕು ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ಮಗುವನ್ನು ನನ್ನ ಹತ್ತಿರ ಬಿಡುತ್ತಿರಲಿಲ್ಲ. ನಮ್ಮತ್ತೆ ಅದಕ್ಕೂ ನೀರು ಹಾಕಿ, ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು. ಎರಡು ಗಂಟೆ ಸತ್ತವರ ಹಾಗೆ ನಿದ್ದೆ ಮಾಡುತ್ತಿದ್ದೆ. ರಾತ್ರಿಯೂ ಮಗು ಅವರ ಪಕ್ಕ. ಹಾಲು ಕುಡಿಸುವುದಕ್ಕೆ ಮಾತ್ರ ನನಗೆ ಕೊಡುವುದು. ಕುಡಿಸಿ ಆದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು ಎಲ್ಲ ಅವರದೇ.

ಈಗ ಆ ಕೈಗಳೆಲ್ಲ ಹೋದವು. ನಿಯಮ ಒಂದು ಉಳಿದಿದೆ. ರಾತ್ರಿ ನೋಡಿಕೊಳ್ಳಲು ಯಾರೂ ಇಲ್ಲ ಅಂದ ಮೇಲೆ ಹಗಲು ಮಲಗಬೇಡ ಅಂದರೆ ಹುಡುಗಿ ಯಾವಾಗ ಮಲಗಬೇಕು? ನಾನು ನನ್ನ ಸೊಸೆಗೆ ಹಾಗೆ ಹೇಳಲಿಲ್ಲ. ಮಗು ಮಲಗಿದಾಗ ಬಾಗಿಲು ಹಾಕಿಕೊಂಡು ನೀನೂ ಮಲಗು ಅಂದೆ. ಅವಳ ಮೈ ಊದಲಿಲ್ಲ, ಏನೂ ಆಗಲಿಲ್ಲ.

ಇನ್ನು ಅಗ್ಗಿಷ್ಟಿಕೆ. ಕಿಟಕಿ ಬಾಗಿಲು ಮುಚ್ಚಿ ಕೋಣೆಯಲ್ಲಿ ಕೆಂಡ ಇಡಬೇಡಿ ಅಂತ ನರ್ಸಮ್ಮ ಹೇಳಿದ ಮೇಲೆ ಅದನ್ನೂ ಬಿಟ್ಟೆವು. ನೀರು ಕೊಡಬಾರದು ಅನ್ನುವುದನ್ನೂ ಬಿಟ್ಟೆವು. ಮೆಣಸಿನ ಸಾರು, ಬೆಳ್ಳುಳ್ಳಿ ಚೆನ್ನಾಗಿ ಹಾಕಿದ ಅನ್ನ ಮಾತ್ರ ಬಿಟ್ಟಿಲ್ಲ.

ಶಿವಮೊಗ್ಗದ ತುಂಬು ಬಸುರಿ

ಅಜ್ಜಿ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. 'ಆ ಕೈಗಳೆಲ್ಲ ಹೋದವು' ಅನ್ನುವುದನ್ನು ಅಮ್ಮನಿಗೂ ಓದಿ ಹೇಳಿದೆ. ನಾಳೆಯೇ ಫೆರಿಟಿನ್ ಪರೀಕ್ಷೆಗೆ ಹೋಗುತ್ತೇನೆ.

ಒಂದು ಅನುಮಾನ. ಬಾಣಂತಿಯರಿಗೆ ನಿದ್ದೆ ಇಲ್ಲದಿರುವುದು ಮಾಮೂಲು ಅಲ್ವಾ? ನನಗೆ ಆಗಿದ್ದು ಸುಸ್ತೋ, ಕಾಯಿಲೆಯೋ ಅಂತ ಹೇಗೆ ಗೊತ್ತಾಗಬೇಕಿತ್ತು?

ಆಪ್ತಸಮಾಲೋಚಕಿ, ಮೈಸೂರು

ನೀವು ಮೊದಲ ಬರಹದಲ್ಲೇ ಉತ್ತರ ಬರೆದಿದ್ದೀರಿ. ಮಗು ಮಲಗಿದೆ, ನೋಡಿಕೊಳ್ಳಲು ಅಮ್ಮ ಇದ್ದಾರೆ, ಮೈ ಸೋತು ಹೋಗಿದೆ. ಆದರೂ ನಿದ್ದೆ ಬರುತ್ತಿಲ್ಲ. ಬರೀ ಸುಸ್ತಾದವರು ಅವಕಾಶ ಸಿಕ್ಕರೆ ಮಲಗಿಬಿಡುತ್ತಾರೆ. ಅವಕಾಶ ಸಿಕ್ಕರೂ ಮಲಗಲು ಆಗದಿರುವುದು ಬೇರೆ. ಬಾಣಂತಿಯರ ಜೊತೆ ಮಾತಾಡುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಅದು: 'ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತಾ?'

ಹೆರಿಗೆಯಾದ ಎರಡು ಮೂರನೇ ದಿನಕ್ಕೆ ಕಾರಣವೇ ಇಲ್ಲದೆ ಅಳು ಬರುವುದು, ಮೂಗಿನ ತುದಿಯಲ್ಲೇ ಸಿಟ್ಟು ಇರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಹಾರ್ಮೋನುಗಳು ಒಮ್ಮೆಲೇ ಇಳಿಯುವ ಸಮಯ ಅದು. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಮನಸ್ಸು ಮೇಲೇಳದಿದ್ದರೆ, ಊಟ ರುಚಿಸದಿದ್ದರೆ, ಮಗುವನ್ನು ನೋಡಿದರೂ ಏನೂ ಅನ್ನಿಸದಿದ್ದರೆ, 'ನಾನು ಒಳ್ಳೇ ಅಮ್ಮ ಅಲ್ಲ' ಅನ್ನುವುದೇ ತಲೆಯಲ್ಲಿ ಓಡುತ್ತಿದ್ದರೆ ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ ಸುಮಾರು ಐವರು ತಾಯಂದಿರಲ್ಲಿ ಒಬ್ಬರಿಗೆ ಬರುತ್ತದೆ. ನಿಮ್ಮ ಬೀದಿಯಲ್ಲೇ ಎಷ್ಟು ಜನ ಇರಬಹುದು ಲೆಕ್ಕ ಹಾಕಿ. ಎಷ್ಟೋ ಜನರಿಗೆ ಇದು ಬಸುರಿಯಿದ್ದಾಗಲೇ ಶುರುವಾಗಿರುತ್ತದೆ.

1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಎಡಿನ್‌ಬರೋ ಪಟ್ಟಿ ಅನ್ನುತ್ತಾರೆ. ಕನ್ನಡದಲ್ಲೂ ಇದೆ. ಹಿಂದಿನ ಏಳು ದಿನ ಹೇಗಿದ್ದಿರಿ ಅಂತ ಕೇಳುತ್ತದೆ. ಅದರಲ್ಲಿ ಒಂದು ಪ್ರಶ್ನೆ ನಿದ್ದೆಯದ್ದೇ. ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನುವುದು. ಆ ಕೊನೆಯದಕ್ಕೆ 'ಇಲ್ಲ' ಅಲ್ಲದೆ ಬೇರೆ ಏನೇ ಉತ್ತರ ಬಂದರೂ ಉಳಿದ ಅಂಕ ನೋಡುತ್ತಾ ಕೂರಬಾರದು, ಅವತ್ತೇ ಮಾತಾಡಬೇಕು.

ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಹೆರಿಗೆಯಾದ ಮೇಲೆ ಥೈರಾಯ್ಡ್ ಏರುಪೇರಾಗುವುದು ಉಂಟು. ಅದೂ ಎದೆಬಡಿತ, ಸುಸ್ತು, ಬೇಸರದ ಹಾಗೆಯೇ ಕಾಣುತ್ತದೆ.

ನ್ಯೂಜೆರ್ಸಿಯಿಂದ

ಆ ಪಟ್ಟಿ ನನಗೂ ಇಲ್ಲಿ ಕೊಟ್ಟಿದ್ದರು, ಆರನೇ ವಾರದ ತಪಾಸಣೆಯಲ್ಲಿ. ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಮಗು ಅವರ ತೊಡೆಯ ಮೇಲಿತ್ತು. ನಾನು ಎಲ್ಲದಕ್ಕೂ 'ಚೆನ್ನಾಗಿದ್ದೇನೆ' ಅನ್ನುವ ಕಡೆಗೇ ಗುರುತು ಹಾಕಿದೆ. ಸೊನ್ನೆ ಬಂತು. ನರ್ಸ್ 'ವೆರಿ ಗುಡ್' ಅಂದರು. ಕಾರಿಗೆ ಬಂದು ಹಿಂದಿನ ಸೀಟಿನಲ್ಲಿ ಮಗುವಿಗೆ ಹಾಲು ಕುಡಿಸುತ್ತಾ ಅತ್ತುಬಿಟ್ಟೆ.

ಅದಕ್ಕೇ ಹೇಳುತ್ತೇನೆ, ಆ ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ಒಬ್ಬರೇ ಇರಿ. ಅಮ್ಮಂದಿರು, ಅತ್ತೆಯಂದಿರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಆ ಐದು ನಿಮಿಷ ಹೊರಗೆ ಇರಿ. ನಾನು ಕೊನೆಗೆ ಇಲ್ಲಿನ ತಾಯಂದಿರ ಸಹಾಯವಾಣಿಗೆ ಫೋನ್ ಮಾಡಿದೆ, 1-833-852-6262. 2022ರಿಂದ ಇದೆ, ಹಗಲು ರಾತ್ರಿ ಎತ್ತುತ್ತಾರೆ. ಅಮೆರಿಕದಲ್ಲಿರುವ ಅಕ್ಕತಂಗಿಯರು ಬರೆದಿಟ್ಟುಕೊಳ್ಳಿ. ನಮಗೆ ಇಲ್ಲಿ ತವರು ಅಂದರೆ ಆರು ತಿಂಗಳ ವೀಸಾದಲ್ಲಿ ಬರುವ ಅಮ್ಮ ಮಾತ್ರ.

ಒಬ್ಬ ಅಪ್ಪ, ಬೆಂಗಳೂರು

ಇಲ್ಲಿ ಗಂಡಸರು ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ ನಿದ್ದೆಯ ವಿಷಯ ಬಂದಿದ್ದರಿಂದ ಸುಮ್ಮನಿರಲು ಆಗಲಿಲ್ಲ.

ನನ್ನ ಹೆಂಡತಿಗೆ ಹೆರಿಗೆಯಾದ ನಾಲ್ಕನೇ ದಿನದಿಂದ ನಿದ್ದೆ ನಿಂತಿತು. ಅವಳಿಗೆ ಸುಸ್ತು ಕೂಡ ಇರಲಿಲ್ಲ! ನಮಗೆಲ್ಲ ಅದೇ ಖುಷಿ, ಎಷ್ಟು ಚುರುಕಾಗಿದ್ದಾಳೆ ಅಂತ. ಆರನೇ ದಿನ ರಾತ್ರಿ ಮೂರು ಗಂಟೆಗೆ ಎದ್ದು ನೋಡಿದರೆ ನೆಲದ ಮೇಲೆ ಕೂತು ಮಗುವಿನ ಜುಬ್ಬಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸುತ್ತಿದ್ದಾಳೆ. ಜೋಡಿಸಿ ಕೆಡವುತ್ತಾಳೆ, ಮತ್ತೆ ಜೋಡಿಸುತ್ತಾಳೆ. ಮಾತು ನಿಲ್ಲುತ್ತಿರಲಿಲ್ಲ. ನನ್ನ ಕಡೆ ತಿರುಗಿ, 'ಇದು ನಮ್ಮ ಮಗು ಅಲ್ಲ, ಆಸ್ಪತ್ರೆಯಲ್ಲಿ ಬದಲಾಯಿಸಿದ್ದಾರೆ, ಯಾರಿಗೂ ಹೇಳಬೇಡಿ' ಅಂದಳು. ಅಷ್ಟು ಮೆಲ್ಲಗೆ, ಅಷ್ಟು ನಂಬಿಕೆಯಿಂದ ಹೇಳಿದಳು.

ಮನೆಯಲ್ಲಿ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಮೊದಲು ತೋರಿಸಿದ ಕಡೆ 'ಸುಸ್ತಿಗೆ ಹೀಗಾಗುತ್ತೆ, ರೆಸ್ಟ್ ಮಾಡಲಿ' ಅಂದು ಕಳಿಸಿದರು. ಎರಡು ದಿನ ಹಾಗೇ ಕಳೆದೆವು. ಆ ಎರಡು ದಿನ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಕೊನೆಗೆ ನನ್ನ ದೊಡ್ಡಮ್ಮ ಬಂದು ನೋಡಿದವರೇ 'ಇದು ಬಾಣಂತಿ ಸನ್ನಿ ಕಣೋ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗು' ಅಂದರು.

ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡ್ ಇದೆ. 2009ರಲ್ಲಿ ಶುರು ಮಾಡಿದ್ದಂತೆ, ಐದು ಹಾಸಿಗೆಯದು. ಜೊತೆಗೆ ಅತ್ತೆ ಇದ್ದರು. ಮಗುವನ್ನು ಅವಳಿಂದ ಕಿತ್ತುಕೊಳ್ಳುತ್ತಾರೆ ಅಂತ ನಮಗೆ ಭಯವಿತ್ತು. ಹಾಗೆ ಆಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆ ತಗೊಳ್ಳುತ್ತಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ. ಮೊದಲು ಅವಳಿಗೆ ನಿದ್ದೆ ಬರುವ ಹಾಗೆ ಮಾಡಿದರು. ಎಂಟು ದಿನದಲ್ಲಿ ಮೊದಲ ಸಲ ಆರು ತಾಸು ಮಲಗಿದಳು. ನಾನು ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಈ ಬಾಣಂತಿ ಸನ್ನಿ, ಅಂದರೆ ಹೆರಿಗೆ ನಂತರದ ತೀವ್ರ ಮನೋರೋಗ, 1000 ಹೆರಿಗೆಯಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ನಿದ್ದೆ ಬೇಡವೇ ಬೇಡ ಅನ್ನುವ ಹಾಗಿದ್ದರೆ, ಅತಿ ಮಾತು, ಗೊಂದಲ, ಇಲ್ಲದ್ದು ಕಾಣುವುದು ಕೇಳುವುದು ಇದ್ದರೆ ಒಂದು ಗಂಟೆಯೂ ತಡ ಮಾಡಬೇಡಿ. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಮನೆತನದಲ್ಲಿ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವುದು) ಇದ್ದರೆ ಬಸುರಿಯಿದ್ದಾಗಲೇ ಡಾಕ್ಟರಿಗೆ ಹೇಳಿ. ನಾವು ಹೇಳಿರಲಿಲ್ಲ. ಅವಳ ಸೋದರತ್ತೆಗೆ ಇತ್ತು ಅನ್ನುವುದು ಆಮೇಲೆ ಹೊರಬಂತು.

ಅವಳೀಗ ಕೆಲಸಕ್ಕೆ ಹೋಗುತ್ತಿದ್ದಾಳೆ. ಮಗನಿಗೆ ಎರಡು ವರ್ಷ ತುಂಬಿತು. ಇದನ್ನು ಬರೆಯಲು ಅವಳೇ ಹೇಳಿದಳು.

ತುಮಕೂರಿನಿಂದ

ತಪ್ಪು ತಿಳಿಯಬೇಡಿ. ನಮ್ಮ ತಾಯಿ ಏಳು ಜನ ಮಕ್ಕಳನ್ನು ಹೆತ್ತರು. ಹೊಲದ ಕೆಲಸವನ್ನೂ ಮಾಡಿದರು. ಆಗ ಯಾರಿಗೂ ಈ ಖಿನ್ನತೆ ಅನ್ನುವುದು ಇರಲಿಲ್ಲ. ಈಗಿನವರು ಜಾಸ್ತಿ ಯೋಚನೆ ಮಾಡುವುದರಿಂದ ಹೀಗಾಗುತ್ತಿದೆಯೇನೋ ಅನ್ನಿಸುತ್ತದೆ.

ಮಂಡ್ಯದ ಅಜ್ಜಿ

ಅಪ್ಪಾ, ಇತ್ತು. ನನ್ನ ಸ್ವಂತ ಅಕ್ಕ ಬಾಣಂತಿಯಾಗಿದ್ದಾಗ ಇಪ್ಪತ್ತು ದಿನ ಮಾತೇ ಆಡಲಿಲ್ಲ. ಮಗುವನ್ನು ಮುಟ್ಟಲಿಲ್ಲ. ರಾತ್ರಿಯೆಲ್ಲ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಇಲ್ಲವಾದಳು. ಸನ್ನಿ ಬಡಿದು ಹೋದಳು ಅಂದರು. ಆ ಮೇಲೆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ. ನಿಮ್ಮ ತಾಯಿಯವರ ಊರಿನಲ್ಲೂ ಅಂಥವರು ಇದ್ದಿರುತ್ತಾರೆ. ಅವರ ಕಥೆ ನಿಮಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ತುಮಕೂರಿನಿಂದ

ಅಮ್ಮಾ, ಕ್ಷಮಿಸಿ. ಈಗಷ್ಟೇ ನನ್ನ ತಾಯಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂರನೆಯವನು ಹುಟ್ಟಿದಾಗಿನ ವಿಷಯ ಹೇಳಿದರು. ನನಗೆ ಇದುವರೆಗೂ ಗೊತ್ತಿರಲಿಲ್ಲ.

ಹೆಸರು ಬೇಡ

ನನಗೆ ಬೇರೆ ಒಂದು ಇದೆ. ಹೇಳಿದರೆ ಏನು ಅಂದುಕೊಳ್ಳುತ್ತೀರೋ. ಮಗುವಿಗೆ 40 ದಿನ. ಮಹಡಿ ಮೆಟ್ಟಿಲು ಇಳಿಯುವಾಗ ಮಗು ಕೈ ಜಾರಿ ಬಿದ್ದ ಹಾಗೆ ಕಣ್ಣಮುಂದೆ ಬರುತ್ತದೆ. ಚಾಕು ನೋಡಿದರೆ ಏನೇನೋ ಯೋಚನೆ ಬರುತ್ತದೆ. ಚಾಕುಗಳನ್ನೆಲ್ಲ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಮಲಗಲು ಹೆದರಿಕೆ. ನಾನು ನನ್ನ ಮಗುವಿಗೆ ಏನಾದರೂ ಮಾಡಿಬಿಡುತ್ತೇನಾ?

ಆಪ್ತಸಮಾಲೋಚಕಿ, ಮೈಸೂರು

ತಂಗಿ, ಹೇಳಿದ್ದು ಬಹಳ ಒಳ್ಳೆಯದಾಯಿತು. ಹೊಸ ತಾಯಂದಿರಲ್ಲಿ ಎಷ್ಟೋ ಜನರಿಗೆ ಇಂಥ ಬೇಡದ ಯೋಚನೆ, ಬೇಡದ ಚಿತ್ರ ನುಗ್ಗಿ ಬರುತ್ತವೆ. ಯಾರೂ ಬಾಯಿಬಿಡುವುದಿಲ್ಲ ಅಷ್ಟೇ. ನಿಮಗೆ ಅದು ಅಸಹ್ಯ ಆಗುತ್ತಿದೆ, ಹೆದರಿಕೆ ಆಗುತ್ತಿದೆ, ಮಗುವಿಗೆ ಏನೂ ಆಗಬಾರದು ಅಂತ ಚಾಕು ಮೇಲಿಟ್ಟಿದ್ದೀರಿ. ಹೀಗೆ ಹೆದರಿ ಮಗುವನ್ನು ಕಾಯುವ ತಾಯಂದಿರು ಆ ಯೋಚನೆಯ ಪ್ರಕಾರ ನಡೆಯುವವರಲ್ಲ. ಆತಂಕದ ಕಾಯಿಲೆಯಲ್ಲಿ ಮನಸ್ಸು ಹೀಗೆ ಕಾಡುತ್ತದೆ. ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಆ ಯೋಚನೆ ಸರಿ ಅನ್ನಿಸತೊಡಗಿದರೆ, ಅಥವಾ ಯಾರೋ ಹಾಗೆ ಮಾಡು ಅಂತ ಹೇಳಿದ ಹಾಗೆ ಕೇಳಿಸಿದರೆ ಮಾತ್ರ ಅದು ಬೇರೆ. ಆಗ ತಕ್ಷಣ ಮನೆಯವರನ್ನು ಕೂಗಿ ಆಸ್ಪತ್ರೆಗೆ ಹೋಗಬೇಕು.

ಈಗಲೇ 14416ಗೆ ಫೋನ್ ಮಾಡುತ್ತೀರಾ? ಟೆಲಿ ಮಾನಸ್ ಅಂತ ಅದರ ಹೆಸರು, ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, 24 ತಾಸೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ಬರೆದದ್ದನ್ನೇ ಅವರಿಗೂ ಹೇಳಿ. ಮಾಡಿದ ಮೇಲೆ ಒಂದು ಸಾಲು ಹಾಕಿ, ನಾನು ಕಾಯುತ್ತಿರುತ್ತೇನೆ.

ಹೆಸರು ಬೇಡ (ಒಂದು ಗಂಟೆಯ ನಂತರ)

ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದರು. ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳಿ, ಇವರ ಹತ್ತಿರವೂ ಮಾತಾಡಿದರು. ನಾಳೆ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿದ್ದೇವೆ.

ರಾಯಚೂರಿನ ಆಶಾ ಕಾರ್ಯಕರ್ತೆ

ನಾವು ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28, 42ನೇ ದಿನ ಹೋಗಬೇಕು. ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು ನೋಡುತ್ತೇವೆ. ತಾಯಿ ಕಾರ್ಡಿನಲ್ಲಿ ಬರೆಯುತ್ತೇವೆ. ಮೊದಲೆಲ್ಲ ತಾಯಿಗೆ 'ಊಟ ಆಯಿತೇನವ್ವ, ಹಾಲು ಬರುತ್ತಾ' ಅಂತ ಕೇಳಿ ಹೊರಡುತ್ತಿದ್ದೆ. ಒಂದು ಮನೆಯಲ್ಲಿ ಎರಡನೆಯದೂ ಹೆಣ್ಣು ಅಂತ ಯಾರೂ ಬಾಣಂತಿಯ ಮುಖ ನೋಡುತ್ತಿರಲಿಲ್ಲ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ನಾನು ಸುಮ್ಮನೆ ಪಕ್ಕದಲ್ಲಿ ಕೂತು ತಲೆ ಮೇಲೆ ಕೈಯಿಟ್ಟೆ, 'ನಿದ್ದಿ ಆಗೇತೇನವ್ವ?' ಅಂದೆ. ಅರ್ಧ ತಾಸು ಅತ್ತಳು. ಅಂದಿನಿಂದ ಎಲ್ಲ ಮನೆಯಲ್ಲೂ ಅದನ್ನು ಕೇಳುತ್ತೇನೆ. ಮನಸ್ಸಿನ ಪ್ರಶ್ನೆ ಕೇಳಿದರೆ ಅತ್ತೆಗೆ ಸಿಟ್ಟು ಬರಬಹುದು, ನಿದ್ದೆ ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ನಿಮ್ಮ ಮನೆಗೆ ಆಶಾ ಬಂದಾಗ ನೀವೂ ಹೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ನಮಗೆ ಗೊತ್ತಿರುತ್ತದೆ. ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ.

ಧಾರವಾಡದ ಅಕ್ಕ

ಖಿನ್ನತೆಯ ಮಾತ್ರೆ ತಗೊಂಡರೆ ಎದೆಹಾಲು ಕೆಡುತ್ತದೆ ಅಂತ ಹೆದರಿ ನನ್ನ ತಂಗಿ ಅರ್ಧಕ್ಕೇ ನಿಲ್ಲಿಸಿದ್ದಳು. ಅದರ ಬಗ್ಗೆ ಯಾರಾದರೂ ಹೇಳಿ.

ಹೆರಿಗೆ ವಾರ್ಡಿನ ನರ್ಸ್

ಎಲ್ಲ ಮಾತ್ರೆಯೂ ಒಂದೇ ಅಲ್ಲ. ಹಾಲುಣಿಸುವ ತಾಯಂದಿರಿಗೆ ಹೆಚ್ಚಾಗಿ ಬರೆಯುವ ಸರ್ಟ್ರಲಿನ್ ಹಾಲಿಗೆ ಹೋಗುವುದು ಬಹಳ ಕಡಿಮೆ. ಎದೆಹಾಲು ಕುಡಿಸುತ್ತಿದ್ದೇನೆ ಅಂತ ಡಾಕ್ಟರಿಗೆ ಹೇಳಿದರೆ ಅದಕ್ಕೆ ತಕ್ಕದ್ದನ್ನೇ ಕೊಡುತ್ತಾರೆ. ಕೆಲಸ ಮಾಡಲು ಕೆಲವು ವಾರ ಬೇಕು. ಹುಷಾರಾಯಿತು ಅಂತ ತಾವೇ ನಿಲ್ಲಿಸಿದರೆ ಮತ್ತೆ ಮರುಕಳಿಸಬಹುದು. ಖಿನ್ನತೆ ಸ್ವಲ್ಪ ಮಟ್ಟಿಗೆ ಇದ್ದರೆ ಮಾತ್ರೆ ಇಲ್ಲದೆ ಆಪ್ತಸಮಾಲೋಚನೆಯಿಂದಲೇ ಸುಧಾರಿಸಿದವರೂ ಇದ್ದಾರೆ. ನಿದ್ದೆ ಮಾತ್ರೆ ತಗೊಂಡ ದಿನ ಮಗುವನ್ನು ಅದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬೇಡಿ. ಎಷ್ಟೇ ಸುಸ್ತಾಗಿದ್ದರೂ ಮಗುವನ್ನು ಎದೆಗೆ ಹಾಕಿಕೊಂಡು ಸೋಫಾದ ಮೇಲೆ ತೂಕಡಿಸಬೇಡಿ. ನಿದ್ದೆ ಬಂದರೆ ಯಾರನ್ನಾದರೂ ಎಬ್ಬಿಸಿ ಮಗುವನ್ನು ಕೊಡಿ.

ಒಬ್ಬ ಅಪ್ಪ, ಬೆಂಗಳೂರು

ರಾತ್ರಿ ಪಾಳಿ ಹೇಗೆ ಮಾಡಿಕೊಂಡೆವು ಅಂತ ಕೆಲವರು ಮೆಸೇಜಿನಲ್ಲಿ ಕೇಳಿದ್ದರು. ಡಾಕ್ಟರು ಅವಳಿಗೆ ದಿನಕ್ಕೆ ಒಮ್ಮೆಯಾದರೂ ನಾಲ್ಕೈದು ತಾಸು ಒಂದೇ ಸಮನೆ ನಿದ್ದೆ ಸಿಗಲೇಬೇಕು ಅಂದಿದ್ದರು. ತುಂಡು ನಿದ್ದೆ ಎಂಟು ತಾಸು ಆದರೂ ಅದಕ್ಕೆ ಸಮ ಅಲ್ಲವಂತೆ. ಅದಕ್ಕೆ ಒಂಬತ್ತಕ್ಕೆ ಹಾಲು ಕುಡಿಸಿ ಅವಳು ಬೇರೆ ಕೋಣೆಗೆ ಹೋಗಿ ಮಲಗುತ್ತಿದ್ದಳು. ಎರಡು ಗಂಟೆಯವರೆಗೆ ಮಗು ನನ್ನದು. ಮಧ್ಯದ ಒಂದು ಹಾಲಿಗೆ ಮೊದಲೇ ಹಿಂಡಿ ತೆಗೆದಿಟ್ಟಿದ್ದನ್ನು ಕೊಡುತ್ತಿದ್ದೆ. ಹೊರಗೆ ಇಟ್ಟರೆ ನಾಲ್ಕು ತಾಸು, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಸೆಖೆ ಇದ್ದರೆ ಹೊರಗೆ ಇಡಲೇಬೇಡಿ. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಸಾಕು. ಆಫೀಸಿನಲ್ಲಿ ನಿದ್ದೆ ಬರುತ್ತಿತ್ತು, ನಿಜ. ಮಗುವಿಗೆ ಹಗಲು ರಾತ್ರಿಯ ವ್ಯತ್ಯಾಸ ತಿಳಿಯಲು ಮೂರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ತಾನೇ ಅಂದುಕೊಂಡು ಮಾಡಿದೆ.

ಶಿವಮೊಗ್ಗದ ತುಂಬು ಬಸುರಿ (ಹದಿನೆಂಟು ದಿನದ ನಂತರ)

ಎಲ್ಲರೂ ಹೇಗಿದ್ದೀರಿ? 36ನೇ ವಾರಕ್ಕೆ ಸ್ವಲ್ಪ ಮುಂಚೆಯೇ ತವರಿಗೆ ಬಂದಿದ್ದೇನೆ.

ಫೆರಿಟಿನ್ ಕಡಿಮೆಯೇ ಇತ್ತು. ಮಾತ್ರೆ ಬದಲಿಸಿದರು, ಕಾಫಿ ದೂರ ಇಟ್ಟಿದ್ದೇನೆ. ಕಾಲು ಪೂರ್ತಿ ನಿಂತಿಲ್ಲ, ಆದರೆ ನಿನ್ನೆ ಒಂದೇ ಸಲ ಎದ್ದೆ. ಹೋದ ಸಲ ಆಗಿದ್ದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಅದಕ್ಕೆ ಹತ್ತನೇ ದಿನ ಮಗುವಿಗಲ್ಲ, ನಿನ್ನನ್ನು ನೋಡುವುದಕ್ಕೆ ಅಂತಲೇ ಬಾ ಅಂದರು. ಮನೋವೈದ್ಯರ ಹೆಸರನ್ನೂ ಕಾರ್ಡಿನ ಹಿಂದೆ ಬರೆದಿದ್ದಾರೆ.

ಇವರು ಹದಿನೈದು ದಿನ ರಜೆ ಹಾಕಿ ಇಲ್ಲೇ ಇರುತ್ತಾರೆ. ಒಂಬತ್ತರಿಂದ ಎರಡರವರೆಗೆ ಇವರ ಪಾಳಿ, ಎರಡರಿಂದ ಅಮ್ಮನದು, ಕುಡಿಸುವುದಷ್ಟೇ ನನ್ನದು. ಅಜ್ಜಿಗೆ ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಮಂಡ್ಯದ ಅಜ್ಜಿಯ ಅಕ್ಕನ ವಿಷಯ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು, ಏನೂ ಮಾತಾಡಲಿಲ್ಲ. ಹಗಲು ಮಲಗುವುದಕ್ಕೆ ಒಪ್ಪಿದ್ದಾರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಇವತ್ತು ಮಧ್ಯಾಹ್ನ ಬಾಣಂತಿ ಕೋಣೆ ಗುಡಿಸಿ ಹಾಸಿಗೆ ಹಾಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗೋಡೆಯ ಮೇಲೆ ಬರೀ ಮೊಳೆ ಇದೆ. ಗಡಿಯಾರವನ್ನು ಅಜ್ಜಿ ಅಡುಗೆಮನೆಗೆ ತಂದು ಹಾಕಿದ್ದಾರೆ.